ಕೆಜಿಎಫ್‌ನ ಎಂಜಿ ಕಾರಿಗೆ ಹೊಸ ಚರ್ಮ

ಕೋಲಾರದಲ್ಲಿ ಒಂದು ಭಾನುವಾರ ಐಟಿಐ ವಿದ್ಯಾರ್ಥಿಗಳು, ಹಳೆ ಗಾಡಿ ಇಟ್ಟುಕೊಂಡವರು ಮತ್ತು ನಮ್ಮ ಕಸುಬಿನ ಕೆಲವರ ಮುಂದೆ ಆಡಿದ ಮಾತುಗಳಿವು. ಬರೆಯುವಾಗ ಒಂದಿಷ್ಟು ಸೇರಿಸಿದ್ದೇನೆ, ಒಂದಿಷ್ಟು ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ಕುಶನ್ ಕೆಲಸ ಮಾಡುವವನು. ನಮ್ಮ ಅಂಗಡಿಗೆ ಬರುವುದು ಜಾಸ್ತಿ ಆಟೊ ಸೀಟು, ಬೈಕ್ ಸೀಟು, ಟ್ರ್ಯಾಕ್ಟರ್ ಸೀಟು. ಟೊಮೆಟೊ ಸೀಸನ್ ಬಂತು ಅಂದರೆ ಮಾರ್ಕೆಟ್‌ಗೆ ಓಡಾಡುವ ಪಿಕಪ್ ಗಾಡಿಗಳದ್ದೇ ಕೆಲಸ. ನಮ್ಮ ತಂದೆ ಜಟಕಾ ಗಾಡಿಗಳಿಗೆ ಮೆತ್ತೆ ಹೊಲಿಯುತ್ತಿದ್ದರು. ಜಟಕಾ ಹೋದಮೇಲೆ ಬಸ್ ಸೀಟಿಗೆ ಬಂದರು. ನಾನು ಅವರ ಪಕ್ಕದಲ್ಲಿ ಕೂತು ದಾರ ಪೋಣಿಸಿಕೊಟ್ಟು ಕಲಿತವನು. ಇವತ್ತು ಒಂದೇ ಒಂದು ಗಾಡಿಯ ವಿಷಯ ಹೇಳುತ್ತೇನೆ. ಅದರ ಸೀಟು ಬಿಚ್ಚಿ ಮತ್ತೆ ಹೊಲಿಯುವುದಕ್ಕೆ ನನಗೆ ಹಿಡಿದದ್ದು ಎರಡೂವರೆ ತಿಂಗಳು. ಮೂವತ್ತು ವರ್ಷದಲ್ಲಿ ಕಲಿಯದೇ ಇದ್ದದ್ದನ್ನು ಆ ಎರಡೂವರೆ ತಿಂಗಳಲ್ಲಿ ಕಲಿತೆ.

ಗಾಡಿ ಎಂಜಿ ಟಿಡಿ. ಈಗ ನಮ್ಮ ಹೈವೇಯಲ್ಲಿ ಎಂಜಿ ಹೆಕ್ಟರ್ ಓಡಾಡುತ್ತದಲ್ಲ, ಅದೇ ಎಂಟು ಮೂಲೆಯ ಗುರುತು. ಈಗ ಆ ಹೆಸರು ಚೀನಾದ ಕಂಪನಿಯ ಕೈಲಿದೆ. ಆಗ ಅದು ಇಂಗ್ಲೆಂಡಿನ ಆಬಿಂಗ್ಡನ್ ಅನ್ನುವ ಊರಿನ ಕಾರ್ಖಾನೆ. ಎಂಜಿ ಅಂದರೆ ಮಾರಿಸ್ ಗ್ಯಾರೇಜಸ್. ಟಿಡಿ ಮಾಡೆಲ್ 1953ರವರೆಗೆ ಬಂತು, ಒಟ್ಟು ಮೂವತ್ತು ಸಾವಿರದ ಹತ್ತಿರ ಹತ್ತಿರ ತಯಾರಾದವು. 1250 ಸಿಸಿ ಇಂಜಿನ್, ಎರಡೇ ಸೀಟು, ಮೇಲೆ ಬಿಚ್ಚುವ ಬಟ್ಟೆ ಹುಡ್. ಬಾಡಿಯ ತಗಡಿನ ಕೆಳಗೆ ಮರದ ಚೌಕಟ್ಟು. ಕಾಲಿಡುವ ನೆಲವೂ ಪ್ಲೈವುಡ್ಡೇ. ಹಾಗಾಗಿ ಇದರ ಕೆಲಸ ಅರ್ಧ ಮರಗೆಲಸ, ಅರ್ಧ ಹೊಲಿಗೆ.

ನಮ್ಮ ಜಿಲ್ಲೆಗೆ ಇಂಥ ಗಾಡಿ ಹೇಗೆ ಬಂತು ಅಂತ ಹೊಸ ಹುಡುಗರು ಕೇಳುತ್ತಾರೆ. ಕೆಜಿಎಫ್‌ನವರು ಕೇಳುವುದಿಲ್ಲ. ಅಲ್ಲಿ 1880ರ ದಶಕದಿಂದ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಚಿನ್ನ ತೆಗೆಯುತ್ತಿತ್ತು. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದಿತ್ತು. ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಎಲ್ಲ ಇತ್ತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ಆ ಆಸುಪಾಸಿನ ವರ್ಷಗಳಲ್ಲಿ ಊರಿಗೆ ಹೊರಟ ಇಂಗ್ಲಿಷ್ ಅಧಿಕಾರಿಗಳು ಪಿಯಾನೊ, ಮೇಜು, ಗಾಡಿ ಎಲ್ಲ ಇಲ್ಲೇ ಮಾರಿ ಹೋದರು. ಗಣಿ ಆಫೀಸಿನಲ್ಲಿ ಕೆಲಸದಲ್ಲಿದ್ದ ಒಬ್ಬರು ಈ ಕಾರನ್ನು ಹಾಗೇ ಕೊಂಡರು. ಈಗ ಅವರ ಮಗಳ ಹತ್ತಿರ ಇದೆ. ಅವರಿಗೂ ಅರವತ್ತು ದಾಟಿದೆ. ಇಂಜಿನ್ ಕೆಲಸ ಬೆಂಗಳೂರಿನಲ್ಲಿ ಮಾಡಿಸಿದರು. ಸೀಟಿಗೆ ಮಾತ್ರ ನನ್ನ ಹತ್ತಿರ ಬಂದರು. ನಾನು ಮೊದಲೇ ಹೇಳಿದೆ, "ಮೇಡಂ, ನಾನು ಅಸಲಿ ಚರ್ಮದ ಕಾರ್ ಸೀಟು ಮಾಡಿಲ್ಲ." ಅವರು ಅಂದರು, "ಮಾಡಿರೋರು ಬೇಗ ಮುಗಿಸ್ತೀನಿ ಅಂದ್ರು. ನಂಗೆ ಬೇಗ ಬೇಡ."

ಆ ಮಾತು ಕೇಳಿ ಒಪ್ಪಿಕೊಂಡೆ.

ಸೀಟು ನೋಡಿದರೆ ಕಂದು ಬಣ್ಣದ ರೆಕ್ಸಿನ್. ಅಂಚೆಲ್ಲ ಸೀಳಿತ್ತು, ಒಳಗಿಂದ ತೆಂಗಿನ ನಾರು ಹೊರಗೆ ಬಂದಿತ್ತು. ಟಿಡಿಯಲ್ಲಿ ಕೂರುವ ಮೆತ್ತೆ ಎರಡು ಬೇರೆ ಬೇರೆ. ಒರಗುವ ಬೆನ್ನು ಮಾತ್ರ ಇಬ್ಬರಿಗೂ ಸೇರಿ ಒಂದೇ ಹಲಗೆ. ಸಾಮಾನ್ಯವಾಗಿ ನಾವು ಏನು ಮಾಡುತ್ತೇವೆ? ಬ್ಲೇಡ್ ಹಾಕಿ ಸೀಳುತ್ತೇವೆ, ಹಳೆದನ್ನು ಮೂಲೆಗೆ ಎಸೆಯುತ್ತೇವೆ, ಅಳತೆ ತೆಗೆದು ಹೊಸದು ಕತ್ತರಿಸುತ್ತೇವೆ. ಆಟೊ ಸೀಟಿಗೆ ಅದು ಸರಿ. ಸಾವಿರ ಸಲ ಮಾಡಿದ ಅಳತೆ, ಕೈಗೇ ಗೊತ್ತು. ಈ ಗಾಡಿಯದು ನನ್ನ ಕೈಗೆ ಗೊತ್ತಿರಲಿಲ್ಲ. ಹಾಗಾಗಿ ಒಂದೊಂದೇ ಮೊಳೆ ಕೀಳುತ್ತಾ ಹೋದೆ. ಪ್ರತಿ ಹಂತಕ್ಕೂ ಫೋನಿನಲ್ಲಿ ಫೋಟೊ ತೆಗೆದೆವು. ಮೊಳೆಗಳನ್ನೂ ಡಬ್ಬಿಗೆ ಹಾಕಿ ಇಟ್ಟೆ. ಯಾವ ಸಾಲಿನಲ್ಲಿ ಎಷ್ಟು ಮೊಳೆ, ಎಷ್ಟು ದೂರಕ್ಕೆ ಒಂದು ಅನ್ನುವುದು ಆಮೇಲೆ ಬೇಕೇ ಬೇಕು.

ರೆಕ್ಸಿನ್ ಎತ್ತಿದೆ. ಕೆಳಗೆ ಎರಡು ಬೆರಳು ದಪ್ಪ ನಾರು. ನಾರು ತೆಗೆದೆ. ಅದರ ಕೆಳಗೆ ಇನ್ನೊಂದು ಹೊದಿಕೆ ಇತ್ತು. ಮಡಿಕೆ ಮಡಿಕೆಯಾಗಿ ಹೊಲಿದ ಚರ್ಮ. ಒಣಗಿ ಬಿರಿದಿತ್ತು, ಕೆಲವು ಕಡೆ ತೂತು. ಆದರೆ ಪೂರ್ತಿ ಇತ್ತು. ಕಾರ್ಖಾನೆಯಲ್ಲಿ ಹಾಕಿದ ಮೊದಲನೇ ಚರ್ಮ.

ಮೆತ್ತೆಯ ಅಡಿ ಹಲಗೆ ತಿರುಗಿಸಿದಾಗ ಪೆನ್ಸಿಲ್‌ನಲ್ಲಿ ಏನೋ ಬರೆದಿತ್ತು. ನನಗೆ ಓದಲು ಬರಲಿಲ್ಲ. ನಮ್ಮ ಅಂಗಡಿಯ ಹುಡುಗ ಕೆಜಿಎಫ್‌ನ ಆಂಡರ್ಸನ್‌ಪೇಟೆಯವನು. ಬಗ್ಗಿ ನೋಡಿದ. "ಅಣ್ಣಾ, ತಮಿಳು. ಇಡದು ಅಂತ ಬರೆದವ್ರೆ. ಎಡಗಡೆ ಅಂತ." ಇನ್ನೊಂದರ ಮೇಲೆ "ವಲದು", ಬಲಗಡೆ. ಎಷ್ಟೋ ವರ್ಷದ ಹಿಂದೆ ಕೆಜಿಎಫ್‌ನ ಯಾವನೋ ಕೆಲಸಗಾರ ಈ ಸೀಟು ಬಿಚ್ಚಿದ್ದ. ಯಜಮಾನರು ರೆಕ್ಸಿನ್ ಹಾಕು ಅಂದಿರಬೇಕು, ಹಾಕಿದ. ಹರಿದ ಚರ್ಮವನ್ನು ಕಿತ್ತು ಎಸೆಯುವುದು ಅವನಿಗೆ ಸುಲಭವಿತ್ತು. ಎಸೆಯಲಿಲ್ಲ. ಅದರ ಮೇಲೇ ನಾರು ಹರಡಿ, ಮೇಲೆ ಹೊದಿಸಿ, ಮುಂದೆ ಬಿಚ್ಚುವವನಿಗೆ ಎಡ ಬಲ ಗೊತ್ತಾಗಲಿ ಅಂತ ಬರೆದಿಟ್ಟ. ಆ ಕೆಲಸಗಾರರ ಹೆಸರು ನನಗೆ ಗೊತ್ತಿಲ್ಲ. ಈ ಸೀಟು ಇವತ್ತು ಸರಿಯಾಗಿ ಕೂತಿದ್ದರೆ ಅದಕ್ಕೆ ಅರ್ಧ ಕಾರಣ ಅವರು.

ಇಲ್ಲಿರುವ ಕಸುಬಿನವರಿಗೆ ನನ್ನದು ಒಂದೇ ಮಾತು. ಹಳೆ ಹೊದಿಕೆ ಬಿಸಾಡಬೇಡಿ. ಹೊಸದು ಹೊಲಿದು, ಕೂರಿಸಿ, ಒಂದು ಮಳೆಗಾಲ ಕಳೆಯುವ ತನಕ ಇಟ್ಟುಕೊಳ್ಳಿ. ಇಂಥ ಗಾಡಿಗೆ ನಕ್ಷೆ ಅಂತ ಇರುವುದು ಅದೊಂದೇ.

ಈಗ ಬಣ್ಣದ ವಿಷಯ. ಮೇಡಂ ಚಿಕ್ಕಂದಿನಿಂದ ನೋಡಿದ್ದು ಕಂದು ಸೀಟು. "ಕಂದು ಬಣ್ಣವೇ ಇರಲಿ" ಅಂದಿದ್ದರು. ಹಳೆ ಚರ್ಮವೂ ಮೇಲಿಂದ ಕಂದೇ ಕಾಣುತ್ತಿತ್ತು. ಆದರೆ ಅಂಚಿನ ಪೈಪಿಂಗ್ ಬಿಚ್ಚಿ, ಹೊಲಿಗೆಯ ಒಳಗೆ ಮಡಚಿದ್ದ ಅರ್ಧ ಅಂಗುಲ ತುಂಡನ್ನು ಬಿಡಿಸಿದಾಗ ಒಳಗೆ ದಾಳಿಂಬೆ ಕಾಳಿನಂಥ ಕೆಂಪು. ಬಿಸಿಲು, ಧೂಳು, ಕೊಬ್ಬರಿ ಎಣ್ಣೆ ಯಾವುದೂ ಅಲ್ಲಿಗೆ ತಲುಪಿರಲಿಲ್ಲ. ಬೆರಳಷ್ಟು ಅಗಲದ ಆ ಪಟ್ಟಿಯನ್ನು ಮೇಡಂ ಕೈಗೆ ಕೊಟ್ಟೆ. ಬಾಗಿಲ ಹತ್ತಿರ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. "ಅಪ್ಪ ಕೆಂಪು ಸೀಟು ಅಂತಿದ್ರು, ನಾವು ನಂಬ್ತಿರಲಿಲ್ಲ" ಅಂದರು. ಬಣ್ಣ ಅಲ್ಲೇ ತೀರ್ಮಾನವಾಯಿತು. ಯಾವುದೇ ಹಳೆ ಸೀಟಿನ ನಿಜ ಬಣ್ಣ ಬೇಕು ಅಂದರೆ ಹೊಲಿಗೆಯ ಒಳ ಮಡಿಕೆಯಲ್ಲಿ ಹುಡುಕಿ. ಕಣ್ಣಿಗೆ ಕಾಣುವ ಮೇಲ್ಭಾಗ ನಂಬಬೇಡಿ.

ಬದಲಾಯಿಸಲೇಬೇಕಾ ಅಂತ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮೇಲಿನ ಬಣ್ಣದ ಪದರ ಮಾತ್ರ ಬಿರಿದಿದ್ದರೆ ಬದಲಾಯಿಸಬೇಡಿ. ತೊಳೆದು, ಸಂದು ತುಂಬಿ, ಬಣ್ಣ ಕೊಟ್ಟರೆ ಇನ್ನೂ ಹತ್ತು ವರ್ಷ ಬರುತ್ತದೆ. ಪರೀಕ್ಷೆ ಸುಲಭ. ಕಾಣದ ಮೂಲೆಯಲ್ಲಿ ಚರ್ಮವನ್ನು ಮಡಚಿ. ಹಿಂಬದಿಯವರೆಗೂ ಬಿರುಕು ಬಿಟ್ಟರೆ ಅದರ ಬಲ ಹೋಗಿದೆ. ಬೆರಳಿನಿಂದ ಉಜ್ಜಿ. ಇಟ್ಟಿಗೆ ಪುಡಿಯಂಥ ಕೆಂಪು ಧೂಳು ಅಂಟಿದರೆ ಮುಗಿಯಿತು. ಮರದ ತೊಗಟೆಯಲ್ಲಿ ಹದ ಮಾಡಿದ ಹಳೆ ಚರ್ಮಕ್ಕೆ ಬರುವ ರೋಗ ಅದು. ಹೊಗೆಯ ಗಂಧಕ ಚರ್ಮದೊಳಗೆ ಸೇರಿ ಆಮ್ಲವಾಗಿ ನಾರನ್ನೇ ತಿನ್ನುತ್ತದೆ. ಅದಕ್ಕೆ ಔಷಧ ಇಲ್ಲ. ನಮ್ಮ ಸೀಟಿನ ನಡುವಿನ ಭಾಗ ಆ ಸ್ಥಿತಿಗೆ ಬಂದಿತ್ತು.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಹಳೆ ಇಂಗ್ಲಿಷ್ ಕಾರು ಅಂದರೆ ಒಳಗೆಲ್ಲ ಪೂರ್ತಿ ಚರ್ಮ ಅಂದುಕೊಳ್ಳುತ್ತಾರೆ. ಇಂಥ ಗಾಡಿಗಳಲ್ಲಿ ಕಾರ್ಖಾನೆಯವರು ಚರ್ಮ ಹಾಕಿದ್ದು ಮೈ ತಾಗುವ ಜಾಗಕ್ಕೆ ಮಾತ್ರ. ಸೀಟಿನ ಪಕ್ಕ, ಹಿಂಭಾಗ, ಇವಕ್ಕೆಲ್ಲ ಲೇಪ ಕೊಟ್ಟ ಬಟ್ಟೆ. ನಾವು ದಿನಾ ಆಡುವ ರೆಕ್ಸಿನ್ ಅನ್ನುವ ಪದ ಅಲ್ಲಿಂದಲೇ ಬಂದದ್ದು. ಮ್ಯಾಂಚೆಸ್ಟರ್ ಹತ್ತಿರದ ಹೈಡ್ ಅನ್ನುವ ಊರಿನ ಕಂಪನಿಯ ಹೆಸರು ಅದು. ಹತ್ತಿ ಬಟ್ಟೆಯ ಮೇಲೆ ನೈಟ್ರೊಸೆಲ್ಯುಲೋಸ್ ಲೇಪ ಹಾಕಿ ಚರ್ಮದ ಗೆರೆ ಒತ್ತುತ್ತಿದ್ದರು. ಕಂಪನಿ ಹೆಸರು ಕೊನೆಗೆ ವಸ್ತುವಿನ ಹೆಸರೇ ಆಯಿತು. ಹಾಗಾಗಿ ಈ ಸೀಟಿನ ಪಕ್ಕಕ್ಕೆ ರೆಕ್ಸಿನ್ ಹಾಕಿದರೆ ಅದು ಡೂಪ್ಲಿಕೇಟ್ ಆಗುವುದಿಲ್ಲ, ಅದೇ ಅಸಲಿ. ಮೇಡಂ ನೆಂಟರೊಬ್ಬರು "ದುಡ್ಡು ಕೊಡೋದು ಕೊಡ್ತೀವಿ, ಎಲ್ಲ ಕಡೆ ಲೆದರ್ ಹಾಕಿ" ಅಂತ ಹಟ ಹಿಡಿದರು. ನಾನು ಹಳೆ ತುಂಡು ತೋರಿಸಿದೆ. ಒಂದು ಎಳೆಗೆ ಬೆಂಕಿ ತಾಗಿಸಿದರೆ ಕೂದಲು ಸುಟ್ಟ ವಾಸನೆ ಬಂತು, ಅದು ಚರ್ಮ. ಪಕ್ಕದ ತುಂಡಿನ ಹಿಂಬದಿ ಕೆರೆದರೆ ಹತ್ತಿ ನೇಯ್ಗೆ ಕಂಡಿತು. ಆಮೇಲೆ ಅವರು ಮಾತಾಡಲಿಲ್ಲ.

ಚರ್ಮ ತರಲು ತಮಿಳುನಾಡಿನ ಆಂಬೂರು ಕಡೆ ಹೋದೆವು. ಕೆಜಿಎಫ್ ದಾಟಿ ವಿ. ಕೋಟ, ಪೇರ್ನಂಬಟ್ಟು ದಾರಿ ಹಿಡಿದರೆ ಬೆಳಿಗ್ಗೆ ಹೊರಟವರು ಸಂಜೆಗೆ ವಾಪಸ್ ಬರಬಹುದು. ಆಂಬೂರು, ವಾಣಿಯಂಬಾಡಿ, ರಾಣಿಪೇಟೆ ಎಲ್ಲ ಚರ್ಮದ ಊರುಗಳೇ. ಮೊದಲ ಸಲ ಒಬ್ಬ ವ್ಯಾಪಾರಿ ನನಗೆ ಮೋಸ ಮಾಡಿದ. ನುಣುಪಾದ, ಒಂದೂ ಕಲೆ ಇಲ್ಲದ ಚರ್ಮ ತೋರಿಸಿದ. ಕಲೆ ಇಲ್ಲ ಅಂತಲೇ ಖುಷಿಯಾಗಿ ತಂದೆ. ಅಂಗಡಿಗೆ ಬಂದು ಅಂಚು ಕತ್ತರಿಸಿ ನೋಡಿದರೆ ಕೆಳಗೆ ಸಡಿಲ ನಾರು, ಮೇಲೆ ಪ್ಲಾಸ್ಟಿಕ್ ಪದರ. ದಪ್ಪ ಚರ್ಮವನ್ನು ಮಿಷನ್‌ನಲ್ಲಿ ಪದರ ಪದರವಾಗಿ ಸೀಳುತ್ತಾರೆ. ಮೇಲಿನ ಪದರದಲ್ಲಿ ಬಲ ಇರುತ್ತದೆ. ಕೆಳಗಿನದಕ್ಕೆ ಸ್ಪ್ಲಿಟ್ ಅನ್ನುತ್ತಾರೆ. ಅದಕ್ಕೆ ಲೇಪ ಕೊಟ್ಟು ಚಂದ ಮಾಡಿದರೂ ಎರಡು ವರ್ಷಕ್ಕೆ ಸಿಪ್ಪೆ ಏಳುತ್ತದೆ. ನಿಜವಾದ ಮೇಲ್ಪದರದ ಚರ್ಮವನ್ನು ಹತ್ತಿರ ಹಿಡಿದು ನೋಡಿ, ರೋಮದ ತೂತುಗಳು ಕಾಣುತ್ತವೆ. ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಉಣ್ಣಿ ಹುಳ ಕಚ್ಚಿದ ಗುರುತು ಇರುತ್ತದೆ, ಮುಳ್ಳು ಬೇಲಿ ಗೀರಿದ ಗೆರೆ ಇರುತ್ತದೆ. ನಮ್ಮದು ಹಾಲಿನ ಜಿಲ್ಲೆ, ಹಸು ಸಾಕಿದವರಿಗೆ ಇದೆಲ್ಲ ಹೇಳಬೇಕಾಗಿಲ್ಲ. ಆ ಗುರುತು ಇದ್ದರೆ ಹೆದರಬೇಡಿ. ಏನೂ ಇಲ್ಲದಿದ್ದರೆ ಅನುಮಾನ ಪಡಿ.

ಎರಡನೇ ಸಲ ಚೆನ್ನೈನ ಚರ್ಮ ಸಂಶೋಧನಾ ಸಂಸ್ಥೆಯಲ್ಲಿ ಕಲಿತು ಬಂದ ಒಬ್ಬ ಹುಡುಗ ಸಿಕ್ಕ. ಅವನು ತಾಳ್ಮೆಯಿಂದ ಹೇಳಿಕೊಟ್ಟ. ಹಿಂದೆ ಈ ಇಡೀ ಸೀಮೆಯಲ್ಲಿ ಚರ್ಮ ಹದ ಮಾಡುತ್ತಿದ್ದದ್ದು ತಂಗಡಿ ಗಿಡದ ತೊಗಟೆಯಲ್ಲಿ. ಆವರಿಕೆ ಅಂತಲೂ ಕರೆಯುತ್ತೇವಲ್ಲ, ನಮ್ಮ ಬಯಲಲ್ಲಿ ಹಳದಿ ಹೂ ಬಿಟ್ಟು ನಿಂತಿರುತ್ತದಲ್ಲ, ಅದೇ. ಜೊತೆಗೆ ಅಳಲೆಕಾಯಿ. ಈಗ ಕಾರ್ ಸೀಟಿಗೆ ಹೆಚ್ಚಾಗಿ ಕ್ರೋಮ್ ಉಪ್ಪಿನಲ್ಲಿ ಹದ ಮಾಡಿದ್ದು ಬರುತ್ತದೆ. ಅದು ಮೆತ್ತಗಿರುತ್ತದೆ, ಕುದಿಯುವ ನೀರಿನ ಶಾಖಕ್ಕೂ ಮುದುಡುವುದಿಲ್ಲ. ತೊಗಟೆ ಚರ್ಮ ನೀರಿನಲ್ಲಿ 80 ಡಿಗ್ರಿ ಆಸುಪಾಸಿಗೇ ಮುದುಡಿಕೊಳ್ಳುತ್ತದೆ. ಬಿಸಿಲಿಗೆ ನಿಲ್ಲುವ ಓಪನ್ ಗಾಡಿ, ಹಾಗಾಗಿ ಕ್ರೋಮ್ ಚರ್ಮವನ್ನೇ ತೆಗೆದುಕೊಂಡೆವು, ಸುಮಾರು 1.2 ಮಿಲಿಮೀಟರ್ ದಪ್ಪದ್ದು. ಚರ್ಮ ಮಾರುವುದು ಚದರ ಅಡಿ ಲೆಕ್ಕದಲ್ಲಿ. ಹಿಂಬದಿಯಲ್ಲಿ ಸೀಲ್ ಹೊಡೆದಿರುತ್ತಾರೆ. ಬೇಕಾದ್ದಕ್ಕಿಂತ ಮೂರನೇ ಒಂದು ಭಾಗ ಜಾಸ್ತಿ ತನ್ನಿ. ಹೊಟ್ಟೆ ಭಾಗ, ಕಾಲಿನ ಭಾಗ ವೇಸ್ಟ್ ಆಗುತ್ತದೆ. ಮತ್ತೆ, ಎಲ್ಲವನ್ನೂ ಒಂದೇ ಸಲ ಬಣ್ಣ ಹಾಕಿದ ಲಾಟಿನಿಂದಲೇ ತನ್ನಿ. ಮುಂದಿನ ತಿಂಗಳು ಹೋದರೆ ಅದೇ ಕೆಂಪು ಸಿಗುವುದಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಚರ್ಮದ ಸೀಟು ಅಂದರೆ ಈಗ ಐಷಾರಾಮ. ಶೋರೂಮಿನಲ್ಲಿ ಅದಕ್ಕೆ ಬೇರೆ ರೇಟು. ಅದೇ ಚರ್ಮವನ್ನು ಹದ ಮಾಡಿದವರನ್ನು, ಎಕ್ಕಡ ಹೊಲಿದವರನ್ನು ನಾವು ಊರ ಹೊರಗೆ ಇಟ್ಟೆವು. ಬಾವಿಯ ನೀರು ಮುಟ್ಟಗೊಡಲಿಲ್ಲ. ಹರಳಯ್ಯನವರ ಕತೆ ಕೇಳಿ ಕೈ ಮುಗಿಯುತ್ತೇವೆ, ಬಸ್ ಸ್ಟ್ಯಾಂಡ್ ಪಕ್ಕ ಕೂತವರನ್ನು ಹೆಸರು ಕೂಡ ಕೇಳುವುದಿಲ್ಲ. ನನಗೆ ಚರ್ಮದ ಅಂಚು ಕೆರೆಯುವುದು ಹೇಳಿಕೊಟ್ಟವರು ಹಾಗೆ ಕೂರುತ್ತಿದ್ದ ಒಬ್ಬ ಹಿರಿಯರು. ತಾತ ಅಂತ ಕರೆಯುತ್ತಿದ್ದೆ. ಅವರ ರಂಪಿಗೆ, ಅಂದರೆ ಚರ್ಮ ಕೊಯ್ಯುವ ಉಳಿ, ಅದರ ಬಾಯಿ ಎಷ್ಟು ಹರಿತ ಅಂದರೆ ಚರ್ಮ ಕಲ್ಲಿನ ಮೇಲಿಟ್ಟು ಒಂದು ಸಲ ತಳ್ಳಿದರೆ ಈರುಳ್ಳಿ ಸಿಪ್ಪೆಯಂಥ ತೆಳು ಚೂರು ಏಳುತ್ತಿತ್ತು. ಎರಡು ಅಂಚು ಸೇರುವ ಕಡೆ ಹೀಗೆ ಕೆರೆದು ತೆಳು ಮಾಡದಿದ್ದರೆ ಹೊಲಿಗೆ ಗಂಟು ಗಂಟಾಗುತ್ತದೆ. ಇಡೀ ಸೀಟಿನ ಅಂದ ಇರುವುದು ಆ ಕೆರೆತದಲ್ಲಿ. ನಾನು ಎಷ್ಟೋ ಮಿಷನ್ ಕೊಂಡಿದ್ದೇನೆ, ಆ ಕೆಲಸ ಮಾತ್ರ ಇವತ್ತಿಗೂ ತಾತನ ಹಾಗೆ ರಂಪಿಗೆಯಲ್ಲೇ ಮಾಡುತ್ತೇನೆ.

ಪ್ಯಾಟರ್ನ್ ತೆಗೆದದ್ದು ಹೇಗೆ ಅಂತ ಹೇಳುತ್ತೇನೆ. ಹಳೆ ಚರ್ಮದ ಹೊಲಿಗೆಯನ್ನು ಒಂದೊಂದಾಗಿ ಕೊಯ್ದು ತುಂಡು ತುಂಡು ಬೇರೆ ಮಾಡಿದೆವು. ಪ್ರತಿ ತುಂಡಿಗೂ ನಂಬರ್, ಮುಂದೆ ಯಾವುದು ಹಿಂದೆ ಯಾವುದು ಅಂತ ಬಾಣದ ಗುರುತು. ಕೊಯ್ಯುವ ಮೊದಲು ಪಕ್ಕಪಕ್ಕದ ತುಂಡುಗಳ ಮೇಲೆ ಅಡ್ಡ ಗೆರೆ ಎಳೆದುಕೊಳ್ಳಬೇಕು, ಮತ್ತೆ ಸೇರಿಸುವಾಗ ಗೆರೆಗೆ ಗೆರೆ ಕೂಡಬೇಕು. ಆಮೇಲೆ ದಪ್ಪ ಖಾಕಿ ಕಾಗದದ ಮೇಲೆ ಹರಡಿ ಅಂಚು ಬರೆದುಕೊಂಡೆ.

ನಾನು ತಪ್ಪಿದ್ದು ಇಲ್ಲೇ. ಹಳೆ ತುಂಡು ಹೇಗಿತ್ತೋ ಹಾಗೇ ಬರೆದುಕೊಂಡೆ. ಅದು ಎಷ್ಟೋ ವರ್ಷ ಜನ ಕೂತು ಕೂತು ಹಿಗ್ಗಿದ ಚರ್ಮ. ಡ್ರೈವರ್ ಕಡೆಯದು ಪಕ್ಕದವರದ್ದಕ್ಕಿಂತ ಮುಕ್ಕಾಲು ಅಂಗುಲ ಅಗಲ ಬಂತು. ನನಗೆ ಆಗಲೇ ಗೊತ್ತಾಗಬೇಕಿತ್ತು. ಪುಣ್ಯಕ್ಕೆ ಚರ್ಮ ಕತ್ತರಿಸುವ ಮೊದಲು ಕೋರಾ ಬಟ್ಟೆಯಲ್ಲಿ ಒಂದು ಹೊದಿಕೆ ಹೊಲಿದು ಹಾಕಿ ನೋಡಿದೆ. ಸಡಿಲ ಲುಂಗಿಯ ಹಾಗೆ ಮಡಿಕೆ ಬಿತ್ತು. ಆಮೇಲೆ ಹಲಗೆಯ ಮೇಲೆ ಉಳಿದಿದ್ದ ಹಳೆ ಮೊಳೆ ತೂತುಗಳ ಸಾಲು ಹಿಡಿದು ಅಳತೆ ಸರಿ ಮಾಡಿದೆ. ಚರ್ಮ ಹಿಗ್ಗುತ್ತದೆ, ಮೊಳೆ ತೂತು ಜಾಗ ಬಿಡುವುದಿಲ್ಲ. ಮೊಳೆ ಲೆಕ್ಕ ಬೇಕೇ ಬೇಕು ಅಂತ ಆಗಲೇ ಹೇಳಿದ್ದು ಇದಕ್ಕೇ.

ಕತ್ತರಿಸುವಾಗ ಬೆನ್ನುಮೂಳೆಯ ಅಕ್ಕಪಕ್ಕದ ಚರ್ಮ ಕೂರುವ ಜಾಗಕ್ಕೆ. ಅದು ಗಟ್ಟಿ, ಹಿಗ್ಗುವುದು ಕಮ್ಮಿ. ಕುತ್ತಿಗೆ ಕಡೆಯದರಲ್ಲಿ ಸುಕ್ಕು ಇರುತ್ತದೆ, ಅದನ್ನು ಕಾಣದ ಕಡೆಗೆ. ಹೊಟ್ಟೆಯದು ಎಳೆದಷ್ಟೂ ಬರುತ್ತದೆ, ಅದನ್ನು ಕೂರುವ ಜಾಗಕ್ಕೆ ಹಾಕಿದರೆ ಒಂದು ವರ್ಷಕ್ಕೆ ಜೋಲು ಬೀಳುತ್ತದೆ. ಬಾಲ್ ಪೆನ್ನಿನಲ್ಲಿ ಗುರುತು ಹಾಕಬೇಡಿ. ಅದರ ಇಂಕು ಇವತ್ತು ಹಿಂಬದಿಯಲ್ಲಿದ್ದರೆ ನಾಳೆ ಮುಂಭಾಗಕ್ಕೆ ಇಳಿಯುತ್ತದೆ.

ಇನ್ನು ಹೊಲಿಗೆ. ಬಟ್ಟೆಯಲ್ಲಿ ತಪ್ಪು ಹೊಲಿದರೆ ಬಿಚ್ಚಬಹುದು, ಇಸ್ತ್ರಿ ಹಾಕಿದರೆ ತೂತು ಮುಚ್ಚುತ್ತದೆ. ಚರ್ಮದ ಸೂಜಿಯ ತುದಿ ಪುಟ್ಟ ಚೂರಿಯ ಹಾಗಿರುತ್ತದೆ, ಅದು ಕೊಯ್ದೇ ಹೋಗುವುದು. ಆದ ತೂತು ಆಯಿತು. ಹಾಗಾಗಿ ಒಂದು ಸಾಲು ಹೊಲಿಯುವ ಮೊದಲು ಉಸಿರು ಹಿಡಿದು ಕೂರುತ್ತಿದ್ದೆ. ಅಂಗುಲಕ್ಕೆ ಆರೋ ಏಳೋ ಹೊಲಿಗೆ ಸಾಕು. ಬಿಗಿಯಾಗಿರಲಿ ಅಂತ ಹತ್ತಿರ ಹತ್ತಿರ ಹಾಕಿದರೆ ಸ್ಟಾಂಪ್ ಹಾಳೆಯ ತೂತಿನ ಹಾಗೆ ಆಗಿ ಅಲ್ಲೇ ಹರಿಯುತ್ತದೆ. ದಾರ ಪಾಲಿಯೆಸ್ಟರ್ ತೆಗೆದುಕೊಳ್ಳಿ. ನೈಲಾನ್‌ಗೆ ಬಲ ಇದೆ, ಆದರೆ ಬಿಸಿಲು ತಡೆಯುವುದರಲ್ಲಿ ಪಾಲಿಯೆಸ್ಟರ್ ಮುಂದು. ಹತ್ತಿ ದಾರ ಬೇಡವೇ ಬೇಡ, ಕೊಳೆಯುತ್ತದೆ. ಮಿಷನ್ ವಾಕಿಂಗ್ ಫುಟ್‌ದೇ ಬೇಕು. ಮೇಲಿನ ಚರ್ಮ ಕೆಳಗಿನ ಬಟ್ಟೆ ಎರಡನ್ನೂ ಒಟ್ಟಿಗೆ ಎಳೆಯುತ್ತದೆ. ಸಾದಾ ಮಿಷನ್‌ನಲ್ಲಿ ಕೆಳಗಿನದು ಮುಂದೆ ಓಡಿ ಮೇಲಿನದು ಹಿಂದೆ ಉಳಿದು ಮಡಿಕೆ ಸೊಟ್ಟಗಾಗುತ್ತದೆ.

ಮಡಿಕೆ ಅಂದೆನಲ್ಲ, ನನ್ನ ದಿನಗಳು ಜಾಸ್ತಿ ಹೋದದ್ದು ಅದಕ್ಕೇ. ಈ ಸೀಟಿನ ಮೇಲೆ ಉದ್ದಕ್ಕೆ ಕೊಳವೆಯ ಹಾಗೆ ಉಬ್ಬಿದ ಸಾಲುಗಳಿವೆ. ಈಗಿನ ಕಾರುಗಳಲ್ಲಿ ತೆಳು ಫೋಮ್ ಇಟ್ಟು ಮೇಲೆ ಗೆರೆ ಹೊಲಿದು ಹಾಗೆ ಕಾಣುವಂತೆ ಮಾಡುತ್ತಾರೆ. ಹಳೆಯದು ಹಾಗಲ್ಲ. ಚರ್ಮದ ಕೆಳಗೆ ಒಂದು ಬಿಳಿ ಬಟ್ಟೆ. ಎರಡರ ನಡುವೆ ಪ್ರತಿ ಸಾಲೂ ಒಂದೊಂದು ಚೀಲ. ಆ ಚೀಲದೊಳಗೆ ಹತ್ತಿ ತುಂಬಬೇಕು. ಉಬ್ಬು ಬರಬೇಕಾದರೆ ಒಂದೊಂದು ಸಾಲಿಗೂ ಚರ್ಮ ಕೆಳಗಿನ ಬಟ್ಟೆಗಿಂತ ಕಾಲಂಗುಲ ಅಗಲ ಇರಬೇಕು. ಒಂದೊಂದು ಸಾಲಿನಲ್ಲೂ ಒಂದು ನೂಲಷ್ಟು ತಪ್ಪುತ್ತಾ ಹೋದರೆ ಹತ್ತನೇ ಸಾಲಿಗೆ ಬರುವಷ್ಟರಲ್ಲಿ ಎದ್ದು ಕಾಣುವಷ್ಟು ತಪ್ಪಿರುತ್ತದೆ. ಹತ್ತಿ ತುಂಬುವುದಕ್ಕೆ ಬಿದಿರಿನ ಚಪ್ಪಟೆ ಕಡ್ಡಿ ಕೆತ್ತಿಕೊಂಡೆ. ಹತ್ತಿಯನ್ನು ಬತ್ತಿ ಹೊಸೆಯುವ ಹಾಗೆ ಸಡಿಲವಾಗಿ ಹೊಸೆದು, ಕಡ್ಡಿಯ ತುದಿಗೆ ಸಿಕ್ಕಿಸಿ ಮೆಲ್ಲಗೆ ತಳ್ಳಬೇಕು. ಜಾಸ್ತಿ ತುರುಕಿದರೆ ಕಲ್ಲಾಗುತ್ತದೆ, ಕಮ್ಮಿ ಆದರೆ ಸುಕ್ಕಾಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಹೆಬ್ಬೆರಳಿನಲ್ಲಿ ಒತ್ತಿ, ಹಿಂದಿನ ಸಾಲಿನ ಜೊತೆ ಹೋಲಿಸಿ, ಮತ್ತೆ ತುಂಬಬೇಕು. ನಮ್ಮ ಮನೆಯವರು ದೇವರ ದೀಪಕ್ಕೆ ಬತ್ತಿ ಹೊಸೆಯುವುದರಲ್ಲಿ ಪಳಗಿದವರು. ಅವರು ಬಂದು ಕೂತಮೇಲೆ ಎಲ್ಲ ಸಾಲೂ ಒಂದೇ ಸಮ ಬಂದವು.

ಮೆತ್ತೆಯ ಒಳಗಿನದು ಚುಟುಕಾಗಿ ಹೇಳುತ್ತೇನೆ. ಗೋಣಿತಟ್ಟು, ಅದರ ಮೇಲೆ ರಬ್ಬರ್ ಹಾಕಿ ಒತ್ತಿದ ನಾರಿನ ಹಾಳೆ, ಅದರ ಮೇಲೆ ಎರಡಂಗುಲ ಫೋಮ್. ಎಚ್ಚರ ಬೇಕಾದ್ದು ಎತ್ತರದ ವಿಷಯದಲ್ಲಿ. ಈ ಗಾಡಿಯ ಸ್ಟೀರಿಂಗ್ ದೊಡ್ಡದು, ಎದೆಗೆ ಹತ್ತಿರ. ಮೆತ್ತೆ ಒಂದಂಗುಲ ದಪ್ಪವಾದರೂ ತೊಡೆ ಸಿಕ್ಕಿಹಾಕಿಕೊಳ್ಳುತ್ತದೆ. ಮೇಡಂ ಅವರನ್ನೇ ಕರೆಸಿ, ಚರ್ಮ ಹಾಕುವ ಮೊದಲು ಬರೀ ಫೋಮಿನ ಮೇಲೆ ಕೂರಿಸಿ ಅಂತರಗಂಗೆ ಬೆಟ್ಟದ ದಾರಿಯಲ್ಲಿ ಒಂದು ಸುತ್ತು ಓಡಿಸಲು ಹೇಳಿದೆ. ಬಂದು "ಕ್ಲಚ್ ತುಳಿಯೋವಾಗ ಮಂಡಿ ತಾಗುತ್ತೆ" ಅಂದರು. ಅರ್ಧ ಅಂಗುಲ ಕೊಯ್ದೆ. ಮತ್ತೆ ಓಡಿಸಿದರು. ಹೀಗೆ ಮೂರು ಸಲ.

ಕೂರಿಸುವ ದಿನ ಹೊಲಿದ ಹೊದಿಕೆಯನ್ನು ಬೆಳಗಿನ ಎಳೆ ಬಿಸಿಲಿಗೆ ಹತ್ತು ನಿಮಿಷ ಇಟ್ಟೆವು. ಬೆಚ್ಚಗಾದ ಚರ್ಮ ಮಾತು ಕೇಳುತ್ತದೆ. ಫೋಮಿನ ಮೇಲೆ ತೆಳು ಪ್ಲಾಸ್ಟಿಕ್ ಕವರ್ ಹಾಕಿದರೆ ಹೊದಿಕೆ ಜಾರಿ ಕೂರುತ್ತದೆ, ಆಮೇಲೆ ಕವರನ್ನು ಎಳೆದು ತೆಗೆಯಬಹುದು. ಮೊದಲ ಮೊಳೆ ಮುಂಭಾಗದ ನಡುವೆ, ಎರಡನೆಯದು ಹಿಂಭಾಗದ ನಡುವೆ, ಆಮೇಲೆ ಪಕ್ಕ, ಕೊನೆಗೆ ಮೂಲೆ. ಮೊದಲಿಗೆ ಮೊಳೆಯನ್ನು ಅರ್ಧ ಮಾತ್ರ ಹೊಡೆಯಿರಿ. ಒಂದು ರಾತ್ರಿ ಬಿಡಿ. ಬೆಳಿಗ್ಗೆ ಎದ್ದು ನೋಡಿದರೆ ಎಲ್ಲಿ ಸಡಿಲ ಅಂತ ಚರ್ಮವೇ ತೋರಿಸುತ್ತದೆ. ಹಳೆ ಮೊಳೆ ತೂತಿಗೇ ಹೊಸ ಮೊಳೆ ಹಾಕಬೇಡಿ, ಹಿಡಿಯುವುದಿಲ್ಲ. ಬಿದಿರು ಕಡ್ಡಿಗೆ ಗೋಂದು ಹಚ್ಚಿ ತೂತು ಮುಚ್ಚಿ, ಪಕ್ಕದಲ್ಲಿ ಹೊಡೆಯಿರಿ.

ನೋಡಿಕೊಳ್ಳುವ ವಿಷಯ. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಎಷ್ಟು ಸಲ ಹೇಳಿದರೂ ಹಚ್ಚುತ್ತಾರೆ. ಚರ್ಮ ಕಪ್ಪಾಗುತ್ತದೆ, ಧೂಳು ಕೂರುತ್ತದೆ, ಎಣ್ಣೆ ಕಮಟು ವಾಸನೆ ಬರುತ್ತದೆ. ಬಟ್ಟೆ ಸೋಪೂ ಬೇಡ. ಚರ್ಮದ ಗುಣ ಸ್ವಲ್ಪ ಹುಳಿ, ಸೋಪಿನದು ಕ್ಷಾರ, ಎರಡಕ್ಕೂ ಆಗುವುದಿಲ್ಲ. ಒದ್ದೆ ಬಟ್ಟೆ ಹಿಂಡಿ ಒರೆಸಿ, ನೆರಳಲ್ಲಿ ಆರಿಸಿ, ಅಷ್ಟು ಸಾಕು.

ಮಾತು ಮುಗಿದಮೇಲೆ ಒಬ್ಬರು ಖರ್ಚು ಎಷ್ಟಾಯಿತು ಅಂತ ಕೇಳಿದರು. ಚರ್ಮದ ಖರ್ಚಿಗಿಂತ ಕೂಲಿ ಜಾಸ್ತಿ ಆಯಿತು, ಮೇಡಂ ಒಂದು ರೂಪಾಯಿ ಚೌಕಾಸಿ ಮಾಡದೆ ಕೊಟ್ಟರು. ನಮ್ಮ ಹುಡುಗರಿಗೂ, ಬತ್ತಿ ಹೊಸೆದವರಿಗೂ ದಿನಗೂಲಿ ಲೆಕ್ಕ ಹಾಕಿಯೇ ಬಿಲ್ಲು ಬರೆದಿದ್ದೆ. ಈ ಕೆಲಸಕ್ಕೆ ಬೆಲೆ ಕಟ್ಟುವಾಗ ಯಾರೂ ಹಿಂಜರಿಯಬೇಡಿ.

ಹಿಂದಿನ ಸಾಲಿನ ಐಟಿಐ ಹುಡುಗಿಯೊಬ್ಬಳು ಕೇಳಿದಳು, "ಸಾರ್, ಆ ಹಳೆ ಚರ್ಮ ಈಗ ಎಲ್ಲಿದೆ?"

ತಂದಿದ್ದೇನಮ್ಮಾ. ಮೇಡಂ ನನ್ನ ಹತ್ತಿರವೇ ಇಟ್ಟುಕೊಳ್ಳಲು ಹೇಳಿದ್ದಾರೆ. ಅಲ್ಲಿ ಮೇಜಿನ ಮೇಲೆ ನಂಬರ್ ಪ್ರಕಾರ ಹರಡಿದ್ದೇನೆ, ಪಕ್ಕದಲ್ಲಿ ಖಾಕಿ ಕಾಗದದ ಪ್ಯಾಟರ್ನ್ ಇದೆ. ಎಡಗಡೆಯ ಹಳೆ ಹಲಗೆ ಗೆದ್ದಲು ಹಿಡಿದಿತ್ತು ಅಂತ ಬದಲಾಯಿಸಿದೆವು, ತಮಿಳು ಬರೆದಿರುವ ಅದನ್ನೂ ತಂದಿದ್ದೇನೆ. ಟಿಡಿ ಇಟ್ಟುಕೊಂಡವರು ಯಾರಾದರೂ ಇದ್ದರೆ ಪ್ಯಾಟರ್ನ್ ಬರೆದುಕೊಂಡು ಹೋಗಿ, ದುಡ್ಡು ಬೇಡ. ಎಲ್ಲರೂ ಬಂದು ಮುಟ್ಟಿ ನೋಡಿ. ನಾಲ್ಕನೇ ನಂಬರಿನ ತುಂಡು ಎತ್ತುವಾಗ ಮಾತ್ರ ಕೆಳಗೆ ಎರಡೂ ಕೈ ಕೊಡಿ, ಅದು ನಡುವಿನ ಭಾಗ, ಪುಡಿಯಾಗುತ್ತಿದೆ.